ಜಿಪಿಎಸ್ ಇಲ್ಲದೆ ಕೋಣೆ ಹೇಳುವ ಡಬ್ಬಿ: ಇಎಸ್‌ಪಿ32, ವೈಫೈ ಮತ್ತು ಒಂದು ಒತ್ತಡಮಾಪಕ

ಮೂರು ಅಂತಸ್ತಿನ ಆರ್‌ಸಿಸಿ ಕಟ್ಟಡದೊಳಗೆ ಜಿಪಿಎಸ್ ಕೈಕೊಡುತ್ತದೆ. ಉಪಗ್ರಹದ ಸಿಗ್ನಲ್ ಬಯಲಲ್ಲೇ −128 ಡಿಬಿಎಂ ಆಸುಪಾಸಿಗೆ ಇಳಿದಿರುತ್ತದೆ (ಡಿಬಿಎಂ ಸಿಗ್ನಲ್ ಬಲದ ಅಳತೆ; ಸೊನ್ನೆಯಿಂದ ಕೆಳಗಿಳಿದಷ್ಟೂ ಸಿಗ್ನಲ್ ಬಡಕಲು). ಅದು ಇನ್ನೆರಡು ತಾರಸಿ ದಾಟಿ ಕೆಳಗೆ ಬಂದರೆ ಹಿಡಿಯಲು ಏನೂ ಉಳಿದಿರುವುದಿಲ್ಲ. ಆದರೂ ಅದೇ ಜಾಗದಲ್ಲಿ ಫೋನಿನ ನಕ್ಷೆ ನೀಲಿ ಚುಕ್ಕೆ ತೋರಿಸುತ್ತಲೇ ಇರುತ್ತದೆ. ಸುತ್ತಲಿನ ವೈಫೈ ರೌಟರುಗಳು ತಮ್ಮ ಮ್ಯಾಕ್ ವಿಳಾಸವನ್ನು (ಪ್ರತಿ ಪೆಟ್ಟಿಗೆಗೂ ಬೇರೆಯಾದ ಗುರುತಿನ ಅಂಕೆ) ಸೆಕೆಂಡಿಗೆ ಹತ್ತು ಸಲದಂತೆ ಕೂಗಿ ಹೇಳುತ್ತಿರುತ್ತವೆ. ಯಾವ ವಿಳಾಸ ಎಷ್ಟು ಜೋರಾಗಿ ಕೇಳಿಸುತ್ತಿದೆ ಎಂಬ ಪಟ್ಟಿಯೇ ಆ ಚುಕ್ಕೆಯ ಬಂಡವಾಳ. ಯಾವ ರೌಟರಿನ ಪಾಸ್‌ವರ್ಡೂ ಬೇಕಿಲ್ಲ, ಯಾವುದಕ್ಕೂ ಸೇರಿಕೊಳ್ಳಬೇಕಿಲ್ಲ.

ಇದೇ ಕೆಲಸವನ್ನು ಇಂಟರ್ನೆಟ್ ಇಲ್ಲದೆ, ಕಟ್ಟಡದ ಒಳಗೇ ಮಾಡುವ ಒಂದು ಡಬ್ಬಿಯ ನಿರ್ಮಾಣ ಇಲ್ಲಿದೆ. ಇದರ ಮಿದುಳು ಇಎಸ್‌ಪಿ32, ಒಳಗೇ ವೈಫೈ ಇರುವ ಪುಟ್ಟ ಕಂಪ್ಯೂಟರ್ ಚಿಪ್ಪು. ಸುಮಾರು 25 ಮೀಟರ್ ಉದ್ದ, 12 ಮೀಟರ್ ಅಗಲದ ಕಾಲೇಜು ಬ್ಲಾಕ್ ಅಥವಾ ಹಾಸ್ಟೆಲ್‌ನಂಥ ಕಟ್ಟಡವನ್ನು ಗಮನದಲ್ಲಿಟ್ಟುಕೊಂಡಿದೆ. ಗುಂಡಿ ಒತ್ತಿದರೆ ಪುಟ್ಟ ಪರದೆಯ ಮೇಲೆ ಕೋಣೆಯ ಹೆಸರು, ಮಹಡಿ ಬರಬೇಕು. ಅಷ್ಟೇ ಗುರಿ.

ದೂರದ ಲೆಕ್ಕ ಯಾಕೆ ಕೈಬಿಟ್ಟದ್ದು

ಎಲ್ಲರಿಗೂ ಮೊದಲು ಹೊಳೆಯುವ ದಾರಿ ಇದು: ಸಿಗ್ನಲ್ ಬಲದಿಂದ ರೌಟರಿಗಿರುವ ದೂರ ಕಂಡುಹಿಡಿ, ಮೂರು ರೌಟರುಗಳ ಸುತ್ತ ವೃತ್ತ ಎಳೆ, ವೃತ್ತಗಳು ಕೂಡಿದಲ್ಲಿ ನಾವು. ಕಾಗದದ ಮೇಲೆ ಚೆಂದ. ಕಟ್ಟಡದೊಳಗೆ ನಿಲ್ಲುವುದಿಲ್ಲ.

ಸೂತ್ರ ಗೊತ್ತಿರುವಂಥದ್ದೇ. 1 ಮೀಟರ್ ದೂರದಲ್ಲಿ ಸಿಗುವ ಬಲದಿಂದ 10 × ಎನ್ × ಲಾಗ್ ದೂರವನ್ನು ಕಳೆದರೆ ಈಗಿನ ಬಲ. ಎನ್ ಎಂದರೆ ದೂರ ಹೋದಂತೆ ಸಿಗ್ನಲ್ ಎಷ್ಟು ಬೇಗ ಸೊರಗುತ್ತದೆಂಬ ಅಂಕೆ. ತೆರೆದ ಬಯಲಿನಲ್ಲಿ ಎನ್ 2. ಗೋಡೆ, ಮೇಜು, ಮನುಷ್ಯರಿರುವ ಒಳಾಂಗಣದಲ್ಲಿ 2.5ರಿಂದ 4ರವರೆಗೆ ಎಲ್ಲಿಯಾದರೂ. 1 ಮೀಟರಿನಲ್ಲಿ −40 ಕೊಡುವ ರೌಟರ್ ಈಗ −70 ಕೊಡುತ್ತಿದೆ ಎಂದುಕೊಳ್ಳಿ. ಎನ್ 3 ಆದರೆ ದೂರ ಸರಿಯಾಗಿ 10 ಮೀಟರ್. ಎನ್ 2.5 ಆದರೆ 15.8 ಮೀಟರ್. 3.5 ಆದರೆ 7.2. ಇನ್ನು ಎನ್ ಗಟ್ಟಿಯಾಗಿ 3 ಎಂದೇ ಹಿಡಿದರೂ ಸಿಗ್ನಲ್ 6 ಡಿಬಿ ಆಚೀಚೆ ಆಡುವುದು ತೀರ ಮಾಮೂಲಿ. ಆ 6 ಡಿಬಿಯೇ 10 ಮೀಟರನ್ನು 6.3ಕ್ಕೂ 15.8ಕ್ಕೂ ಎಳೆದಾಡುತ್ತದೆ. 12 ಮೀಟರ್ ಅಗಲದ ಕಟ್ಟಡದಲ್ಲಿ ಈ ಉತ್ತರ ಇಟ್ಟುಕೊಂಡು ಮಾಡುವುದೇನು?

ಗೋಡೆಗಳು ಹೀಗೆ ಕೆಡಿಸುವ ಸಿಗ್ನಲನ್ನೇ ಗುರುತಾಗಿ ಬಳಸುವುದು ಎರಡನೇ ದಾರಿ. ಪ್ರತಿ ಜಾಗದಲ್ಲೂ ನಿಂತು ಯಾವ ರೌಟರ್ ಎಷ್ಟು ಬಲದಲ್ಲಿ ಕೇಳುತ್ತದೆಂದು ಮೊದಲೇ ಬರೆದಿಟ್ಟುಕೊಂಡು, ಆಮೇಲೆ ಈಗ ಕೇಳುತ್ತಿರುವ ಪಟ್ಟಿ ಯಾವ ಜಾಗದ ಪಟ್ಟಿಗೆ ಹೋಲುತ್ತದೆ ಎಂದು ನೋಡುವುದು. ಬೆರಳಚ್ಚು ಹೋಲಿಸಿದ ಹಾಗೆ. ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ ಪರಮ್‌ವೀರ್ ಬಾಹ್ಲ್ ಮತ್ತು ವೆಂಕಟ ಪದ್ಮನಾಭನ್ 2000ದಲ್ಲಿ ಪ್ರಕಟಿಸಿದ ರೇಡಾರ್ ಎಂಬ ವ್ಯವಸ್ಥೆ ಇದನ್ನು ತೋರಿಸಿಕೊಟ್ಟಿತು. ಪದ್ಮನಾಭನ್ ಆಮೇಲೆ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದಲ್ಲಿ ಕೆಲಸ ಮಾಡಿದವರು. 43.5 × 22.5 ಮೀಟರಿನ ಒಂದು ಮಹಡಿ, ಬರೀ 3 ಕೇಂದ್ರಗಳು, 70 ಜಾಗಗಳು, ಪ್ರತಿ ಜಾಗದಲ್ಲಿ ನಾಲ್ಕು ದಿಕ್ಕಿಗೆ ಮುಖ ಮಾಡಿ ದಿಕ್ಕಿಗೆ ಕನಿಷ್ಠ 20 ಅಳತೆಗಳು. ಅಷ್ಟಕ್ಕೇ ಮಧ್ಯಮ ತಪ್ಪು (ಎಲ್ಲವನ್ನೂ ಸಾಲಾಗಿ ಜೋಡಿಸಿದಾಗ ನಟ್ಟನಡುವೆ ಬರುವ ಅಂಕೆ) 2ರಿಂದ 3 ಮೀಟರಿಗೆ ಇಳಿಯಿತು. ಈ ಡಬ್ಬಿಯೂ ಅದೇ ಪಾಠ ಹಿಡಿದು ಹೋಗುತ್ತದೆ.

ಇದರಿಂದ ಒಂದು ವಿಚಿತ್ರವೂ ಹುಟ್ಟುತ್ತದೆ. ದಪ್ಪ ಮುರಕಲ್ಲಿನ ಅಥವಾ ಇಟ್ಟಿಗೆಯ ಗೋಡೆಯಿರುವ ಹಳೆಯ ಕಟ್ಟಡದಲ್ಲಿ ಕೋಣೆ ಗುರುತಿಸುವುದು ಸುಲಭ. ಗಾಜು, ಜಿಪ್ಸಮ್ ಹಲಗೆಯ ಹೊಸ ಆಫೀಸುಗಳಲ್ಲಿ ಕಷ್ಟ. ದೂರ ಅಳೆಯುವವನಿಗೆ ಗೋಡೆ ವೈರಿ, ಗುರುತು ಹಿಡಿಯುವವನಿಗೆ ನೆಂಟ.

ಸಾಮಾನು

ಇಎಸ್‌ಪಿ32 ವ್ರೂಮ್ ಬೋರ್ಡು – 2 (ಒಂದು ಡಬ್ಬಿಗೆ, ಇನ್ನೊಂದು ನೆಲ ಅಂತಸ್ತಿನಲ್ಲಿ ಸದಾ ಉರಿಯುವುದಕ್ಕೆ)
ಬಿಎಂಪಿ280 ಒತ್ತಡಮಾಪಕ – 2
0.96 ಇಂಚಿನ ಓಎಲ್‌ಇಡಿ ಪರದೆ, ಐ2ಸಿ (ಎರಡು ತಂತಿಯ ಸಂಪರ್ಕ), 128 × 64 – 1
18650 ಲಿಥಿಯಂ ಸೆಲ್ಲು, 2600 ಎಂಎಎಚ್, ಮತ್ತು ಹೋಲ್ಡರ್ – 1
ಟಿಪಿ4056 ಚಾರ್ಜರ್ ಬೋರ್ಡು, ರಕ್ಷಣಾ ಸರ್ಕ್ಯೂಟ್ ಇರುವಂಥದ್ದು – 1
ಎಪಿ2112ಕೆ 3.3 ವೋಲ್ಟ್ ರೆಗ್ಯುಲೇಟರ್ – 1
470 ಮೈಕ್ರೋಫ್ಯಾರಡ್ ಕೆಪಾಸಿಟರ್ 1, 100 ನ್ಯಾನೋಫ್ಯಾರಡ್ 2, 100 ಕಿಲೋ ಓಮ್ ರೆಸಿಸ್ಟರ್ 2, ಒತ್ತುಗುಂಡಿ 1, ಪ್ಲಾಸ್ಟಿಕ್ ಡಬ್ಬಿ

ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಇವೆಲ್ಲ ಒಂದೇ ಸುತ್ತಿಗೆ ಸಿಗುವ ಸಾಮಾನು. ಬಿಎಂಪಿ280 ಕೊಳ್ಳುವಾಗ ಮಾತ್ರ ಎಚ್ಚರ: ತೇವಾಂಶವನ್ನೂ ಅಳೆಯುವ ಬಿಎಂಇ280 ನೋಡಲು ಹೆಚ್ಚುಕಡಿಮೆ ಅದೇ ಥರ, ಮತ್ತು ಒಂದರ ಹೆಸರಿನಲ್ಲಿ ಇನ್ನೊಂದು ಕೈಗೆ ಬರುವುದುಂಟು. ಹೆಕ್ಸ್ (16ರ ಎಣಿಕೆ) ಡಿ0 ರಿಜಿಸ್ಟರ್, ಅಂದರೆ ಚಿಪ್ಪು ತನ್ನ ಗುರುತು ಇಟ್ಟುಕೊಂಡ ಜಾಗ, ಓದಿದರೆ ಬಿಎಂಪಿ ಹೆಕ್ಸ್ 58 ಎನ್ನುತ್ತದೆ, ಬಿಎಂಇ 60 ಎನ್ನುತ್ತದೆ. ಎರಡೂ ಈ ಕೆಲಸಕ್ಕೆ ಆಗುತ್ತವೆ. ಲೈಬ್ರರಿಯನ್ನು (ಸೆನ್ಸರ್ ಓದುವ ಸಿದ್ಧ ಕೋಡು) ಚಿಪ್ಪಿಗೆ ಸರಿಯಾಗಿ ಹಾಕಿಕೊಂಡರೆ ಸಾಕು. ಲೈಬ್ರರಿ ತಪ್ಪಿದರೆ ಸೆನ್ಸರ್ ಸಿಗಲಿಲ್ಲ ಎಂಬ ಸಂದೇಶ ಬರುತ್ತದೆ, ಜನ ಬೆಸುಗೆ ಕೆಟ್ಟಿದೆ ಅಂತ ಗಂಟೆಗಟ್ಟಲೆ ತಡಕುತ್ತಾರೆ.

ಜೋಡಣೆ

ಪರದೆ ಮತ್ತು ಒತ್ತಡಮಾಪಕ ಎರಡೂ ಒಂದೇ ಐ2ಸಿ ಜೋಡಿಗೆ: ಡೇಟಾ 21, ಕ್ಲಾಕ್ 22. ಪರದೆಯ ವಿಳಾಸ ಹೆಕ್ಸ್ 3ಸಿ, ಒತ್ತಡಮಾಪಕದ್ದು 76 ಅಥವಾ ಎಸ್‌ಡಿಓ ಪಿನ್ನನ್ನು 3.3 ವೋಲ್ಟಿಗೆ ಕಟ್ಟಿದರೆ 77. ಘರ್ಷಣೆಯಿಲ್ಲ. ಗುಂಡಿಯನ್ನು 33ನೇ ಪಿನ್ನಿಗೂ ನೆಲಕ್ಕೂ (ಬೋರ್ಡಿನ ಗ್ರೌಂಡ್) ನಡುವೆ ಹಾಕಿ, ಒಳಗಿನ ಪುಲ್‌ಅಪ್ (ಪಿನ್ನನ್ನು 3.3 ವೋಲ್ಟಿಗೆ ಎತ್ತಿಹಿಡಿಯುವ ರೆಸಿಸ್ಟರ್) ಚಾಲೂ ಮಾಡಿ. 34ರಿಂದ 39ರವರೆಗಿನ ಪಿನ್ನುಗಳಿಗೆ ಒಳಗಿನ ಪುಲ್‌ಅಪ್ ಇಲ್ಲ. ಗುಂಡಿ ಅಲ್ಲಿಗೆ ಹಾಕಿದರೆ ಒತ್ತದೆಯೇ ಒತ್ತಿದ ಹಾಗಾಗುತ್ತದೆ. 12ನೇ ಪಿನ್ನನ್ನು ಮುಟ್ಟಲೇಬೇಡಿ. ಬೂಟ್ ಆಗುವಾಗ ಅದು ಮೇಲಿದ್ದರೆ ಫ್ಲ್ಯಾಶ್‌ಗೆ 1.8 ವೋಲ್ಟ್ ಹೋಗಿ ಬೋರ್ಡು ಏಳುವುದೇ ಇಲ್ಲ.

ಬ್ಯಾಟರಿ ವೋಲ್ಟೇಜ್ ನೋಡಲು ಎರಡು 100 ಕಿಲೋ ಓಮ್ ರೆಸಿಸ್ಟರುಗಳ ಅರ್ಧ ಭಾಗವನ್ನು 35ನೇ ಪಿನ್ನಿಗೆ ಕೊಡಿ, ಪಿನ್ನಿಗೂ ನೆಲಕ್ಕೂ 100 ನ್ಯಾನೋಫ್ಯಾರಡ್. ಇದು 32ರಿಂದ 39ರೊಳಗಿನ ಪಿನ್ನೇ ಆಗಬೇಕು. ಎರಡನೇ ಎಡಿಸಿ (ವೋಲ್ಟೇಜನ್ನು ಅಂಕೆಗೆ ತಿರುಗಿಸುವ ಭಾಗ) ಗುಂಪಿನ ಪಿನ್ನುಗಳನ್ನು ವೈಫೈ ತನ್ನ ಕೆಲಸಕ್ಕೆ ಹಿಡಿದುಕೊಳ್ಳುತ್ತದೆ. ಅಲ್ಲಿ ಓದಿದರೆ ವೈಫೈ ಆಫ್ ಇದ್ದಾಗ ಮಾತ್ರ ಸರಿ ಉತ್ತರ ಬರುತ್ತದೆ.

ಹೆಚ್ಚಿನವರ ಬೋರ್ಡು ಸೋಲುವುದು ಕರೆಂಟಿನಲ್ಲಿ. ಇಎಸ್‌ಪಿ32 ಕೇಳಿಸಿಕೊಳ್ಳುವಾಗ 100 ಮಿಲಿಆಂಪಿನಷ್ಟು ಎಳೆದರೆ, ಪ್ರಸಾರ ಮಾಡುವ ಕ್ಷಣದಲ್ಲಿ 240ರವರೆಗೆ ಜಿಗಿಯುತ್ತದೆ. ತಯಾರಕರು 500 ಮಿಲಿಆಂಪ್ ಕೊಡಬಲ್ಲ ಸರಬರಾಜು ಇಡಿ ಎನ್ನುವುದು ಅದಕ್ಕೇ. ನಿದ್ದೆಯಲ್ಲಿ ಕಡಿಮೆ ಎಳೆಯುತ್ತದೆಂದು ಹೆಸರಾದ ಎಚ್‌ಟಿ7333, ಎಂಸಿಪಿ1700 ರೆಗ್ಯುಲೇಟರುಗಳೆರಡಕ್ಕೂ ಮಿತಿ 250 ಮಿಲಿಆಂಪ್. ಮೇಜಿನ ಮೇಲೆ ಓಡುತ್ತವೆ, ಸೆಲ್ಲು 3.6 ವೋಲ್ಟಿಗೆ ಇಳಿದ ದಿನ ಪ್ರತಿ ಸ್ಕ್ಯಾನಿಗೂ ಬೋರ್ಡು ರೀಸೆಟ್ ಆಗತೊಡಗುತ್ತದೆ, ಸೀರಿಯಲ್ ಕಿಟಕಿಯಲ್ಲಿ ಬ್ರೌನ್‌ಔಟ್ (ವೋಲ್ಟೇಜ್ ಕುಸಿತ) ಎಂಬ ಸಾಲು. ಎಪಿ2112ಕೆ 600 ಮಿಲಿಆಂಪ್ ಕೊಡುತ್ತದೆ, ತಾನು ಉಣ್ಣುವುದು 55 ಮೈಕ್ರೋಆಂಪ್. 470 ಮೈಕ್ರೋಫ್ಯಾರಡ್ ಕೆಪಾಸಿಟರನ್ನು ಬೋರ್ಡಿನ 3.3 ವೋಲ್ಟ್ ಪಿನ್ನಿಗೇ ಅಂಟಿಸಿದಂತೆ ಬೆಸೆಯಿರಿ. ಉದ್ದ ವೈರಿನ ತುದಿಯಲ್ಲಿ ಹಾಕಿದರೆ ಇದ್ದೂ ಇಲ್ಲದಂತೆ.

ಮಾಮೂಲಿ ಡೆವಲಪ್‌ಮೆಂಟ್ ಬೋರ್ಡನ್ನು ಹಾಗೇ ಬಳಸಿದರೆ ಚಿಪ್ಪು ನಿದ್ದೆ ಮಾಡಿದರೂ ಬೋರ್ಡು ಮಲಗುವುದಿಲ್ಲ. ಅದರ ಮೇಲಿರುವ ಎಎಂಎಸ್1117 ರೆಗ್ಯುಲೇಟರ್ ಒಂದೇ 5 ಮಿಲಿಆಂಪ್ ಕುಡಿಯುತ್ತದೆ, ಕೆಂಪು ದೀಪ ಮತ್ತು ಯುಎಸ್‌ಬಿ ಚಿಪ್ಪು ಸೇರಿ ಒಟ್ಟು 10ರ ಹತ್ತಿರ. ಲೆಕ್ಕ ಹಾಕೋಣ. ನಿಮಿಷಕ್ಕೊಂದು ಸ್ಕ್ಯಾನ್, ಪ್ರತಿ ಸಲ 3.5 ಸೆಕೆಂಡ್, 110 ಮಿಲಿಆಂಪ್: ಸರಾಸರಿ 6.4 ಮಿಲಿಆಂಪ್. ಸೆಲ್ಲಿನಿಂದ 2200 ಎಂಎಎಚ್ ಸಿಕ್ಕಿತೆಂದರೆ ಎರಡು ವಾರ. ಮೇಲೆ ಆ 10 ಸೇರಿಸಿ: ಐದೂವರೆ ದಿನ. ಆದ್ದರಿಂದ ದೀಪ ಕೀಳಿ, ಎಎಂಎಸ್1117 ಕೀಳಿ, ಎಪಿ2112ಕೆಯಿಂದ ನೇರ 3.3 ವೋಲ್ಟ್ ಪಿನ್ನಿಗೆ ಕೊಡಿ.

ಆಂಟೆನಾ ಇರುವ ತುದಿ ಬೋರ್ಡಿನಾಚೆ ಚಾಚಿಕೊಂಡಿರಲಿ, ಸುತ್ತ 15 ಮಿಲಿಮೀಟರ್ ಲೋಹ ಬೇಡ. 18650 ಸೆಲ್ಲು ಒಂದು ಲೋಹದ ಕೊಳವೆ. ಆಂಟೆನಾ ಕೆಳಗೆ ಅದನ್ನು ಮಲಗಿಸಿದರೆ ದೂರದ ರೌಟರುಗಳು ಪಟ್ಟಿಯಿಂದಲೇ ಮಾಯವಾಗುತ್ತವೆ.

ಸ್ಕ್ಯಾನ್

ಈ ಚಿಪ್ಪಿಗೆ 2.4 ಗಿಗಾಹರ್ಟ್ಸ್ ಮಾತ್ರ ಕೇಳಿಸುತ್ತದೆ. ನಮ್ಮಲ್ಲಿ 1ರಿಂದ 13ರವರೆಗಿನ ಚಾನೆಲ್‌ಗಳು. ದೇಶದ ಸೆಟ್ಟಿಂಗನ್ನು ಭಾರತ ಎಂದು ಬರೆದು 13ನ್ನೂ ನೋಡುವಂತೆ ಮಾಡಿ. 12, 13ರಲ್ಲಿ ಕೂತ ರೌಟರ್ ಕಾಣದಿದ್ದರೆ ಮೊದಲ ಅನುಮಾನ ಇದರ ಮೇಲಿರಲಿ.

ರೌಟರಿನ ಬೀಕನ್, ಅಂದರೆ ತಾನಿದ್ದೇನೆಂಬ ಕೂಗು, ಬರುವುದು 102.4 ಮಿಲಿಸೆಕೆಂಡಿಗೊಮ್ಮೆ. ಚಾನೆಲ್ಲಿನಲ್ಲಿ 100 ಮಿಲಿಸೆಕೆಂಡ್ ಮಾತ್ರ ಕೂತು ಸುಮ್ಮನೆ ಆಲಿಸಿದರೆ ಕೂದಲೆಳೆಯಲ್ಲಿ ತಪ್ಪಿಹೋಗುವ ಬೀಕನ್‌ಗಳಿರುತ್ತವೆ. ಸಕ್ರಿಯ ಸ್ಕ್ಯಾನಿನಲ್ಲಿ ಚಿಪ್ಪೇ ಯಾರಿದ್ದೀರಿ ಎಂದು ಕೇಳುತ್ತದೆ, ರೌಟರುಗಳು ಉತ್ತರಿಸುತ್ತವೆ. ಅದನ್ನೇ ಆರಿಸಿ, ಚಾನೆಲ್ಲಿಗೆ ಗರಿಷ್ಠ 300 ಮಿಲಿಸೆಕೆಂಡ್ ಕೊಡಿ. 13 ಚಾನೆಲ್‌ಗೆ ಹೆಚ್ಚೆಂದರೆ 3.9 ಸೆಕೆಂಡ್. ಹೆಸರು ಮುಚ್ಚಿಟ್ಟ ನೆಟ್‌ವರ್ಕುಗಳನ್ನೂ ಸೇರಿಸುವ ಆಯ್ಕೆ ಚಾಲೂ ಇರಲಿ. ನಮಗೆ ಬೇಕಾದದ್ದು ಹೆಸರಲ್ಲ, ಮ್ಯಾಕ್ ವಿಳಾಸ. ಕಾಲೇಜು ಇಡೀ ಒಂದೇ ಹೆಸರಿನ ವೈಫೈ ಇದ್ದರೂ ಪ್ರತಿ ಪೆಟ್ಟಿಗೆಯ ವಿಳಾಸ ಬೇರೆ.

ಪಟ್ಟಿಯಲ್ಲಿ ಬಂದವರೆಲ್ಲ ನಂಬಿಗಸ್ತರಲ್ಲ. ಫೋನಿನ ಹಾಟ್‌ಸ್ಪಾಟು ಇಂದು ಇಲ್ಲಿ, ನಾಳೆ ಕ್ಯಾಂಟೀನಿನಲ್ಲಿ. ಅವುಗಳ ವಿಳಾಸ ಎಷ್ಟೋ ಸಲ ತಾನೇ ಹುಟ್ಟಿಸಿಕೊಂಡದ್ದು. ಮೊದಲ ಬೈಟಿನ ಎರಡನೇ ಹೆಕ್ಸ್ ಅಂಕ 2, 6, ಎ ಅಥವಾ ಇ ಆಗಿದ್ದರೆ ಅಂಥದ್ದು ಎಂದು ತಿಳಿಯುತ್ತದೆ. ಆದರೆ ಇದನ್ನೇ ಜರಡಿ ಮಾಡಿಕೊಂಡರೆ ಒಳ್ಳೆಯವೂ ಉದುರುತ್ತವೆ, ಯಾಕೆಂದರೆ ಗೋಡೆಗೆ ಮೊಳೆ ಹೊಡೆದು ಕೂರಿಸಿದ ರೌಟರಿನ ಅತಿಥಿ ನೆಟ್‌ವರ್ಕಿಗೂ ಅದೇ ಗುರುತು ಇರಬಹುದು. ಬೇರೆ ಬೇರೆ ಮೂರು ದಿನ ಕಂಡದ್ದನ್ನು ಮಾತ್ರ ಇಟ್ಟುಕೊಳ್ಳುವುದು ಹೆಚ್ಚು ಭದ್ರ. ಇನ್ನೊಂದು ಕಾಟ: ಒಂದೇ ಪೆಟ್ಟಿಗೆ ಸಿಬ್ಬಂದಿಗೊಂದು, ವಿದ್ಯಾರ್ಥಿಗಳಿಗೊಂದು, ಅತಿಥಿಗಳಿಗೊಂದು ಎಂದು ಮೂರು ಹೆಸರು ಹೊರಡಿಸುತ್ತದೆ, ಕೊನೆಯ ಅಂಕ ಮಾತ್ರ ಬೇರೆ. ಹಾಗೇ ಬಿಟ್ಟರೆ ಆ ಒಂದು ಪೆಟ್ಟಿಗೆಗೆ ಮೂರು ಮತ ಸಿಕ್ಕಂತೆ. ಮೊದಲ 11 ಅಂಕ ಒಂದೇ ಇದ್ದು ಚಾನೆಲ್ಲೂ ಒಂದೇ ಆದರೆ ಅವನ್ನು ಒಂದೇ ಎಂದು ಎಣಿಸಿ, ಬಲಗಳ ಮಧ್ಯಮ ಹಿಡಿಯಿರಿ.

ಸರ್ವೆ

ಬೇಸರದ ಭಾಗ ಇದು, ಆದರೆ ಡಬ್ಬಿಯ ಹಣೆಬರಹ ಇಲ್ಲೇ ತೀರ್ಮಾನವಾಗುತ್ತದೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ 3 ಮೀಟರಿಗೊಂದು ಗುರುತು ಹಾಕಿ. ಸಣ್ಣ ಕೋಣೆಗೆ ಒಂದು, ದೊಡ್ಡ ತರಗತಿಗೆ ನಾಲ್ಕು, ಕಾರಿಡಾರಿಗೆ ಉದ್ದಕ್ಕೂ. ಒಟ್ಟು 60 ಬಿಂದುಗಳಾದವು ಎನ್ನಿ. ಪ್ರತಿ ಬಿಂದುವಿನಲ್ಲಿ ಡಬ್ಬಿಯನ್ನು ಎದೆಯ ಎತ್ತರಕ್ಕೆ ಹಿಡಿದು, ನಾಲ್ಕು ದಿಕ್ಕಿಗೆ ತಿರುಗಿ, ದಿಕ್ಕಿಗೆ 5 ಸ್ಕ್ಯಾನ್. ಒಂದು ಬಿಂದುವಿಗೆ ಒಂದೂವರೆ ನಿಮಿಷ ಹಿಡಿದರೆ ಒಟ್ಟು ಒಂದೂವರೆ ಗಂಟೆ. ತಿರುಗುವುದು ಬೇಕೇ ಎಂದು ಕೇಳುವವರಿಗೆ: ಬೇಕು. ಮನುಷ್ಯನ ಮೈ ಹೆಚ್ಚಾಗಿ ನೀರು, 2.4 ಗಿಗಾಹರ್ಟ್ಸ್ ಅಲೆಯನ್ನು ನೀರು ಚೆನ್ನಾಗಿ ಹೀರುತ್ತದೆ. ರೌಟರಿಗೆ ಬೆನ್ನು ಹಾಕಿ ನಿಂತರೆ 5 ಡಿಬಿ ಅಥವಾ ಇನ್ನೂ ಹೆಚ್ಚು ಬೀಳುತ್ತದೆ. ಖಾಲಿ ಕಟ್ಟಡದಲ್ಲಿ ಭಾನುವಾರ ಮಾಡಿದ ಸರ್ವೆ ಸೋಮವಾರದ ತುಂಬಿದ ತರಗತಿಗೆ ಹೊಂದದಿರುವುದೂ ಇದರಿಂದಲೇ. ಅರ್ಧ ಸರ್ವೆ ಖಾಲಿಯಿದ್ದಾಗ, ಅರ್ಧ ಜನರಿದ್ದಾಗ ಮಾಡಿ.

ಫೋನಿನಲ್ಲಿ ಆಪ್ ಹಾಕಿ ಸರ್ವೆ ಮುಗಿಸಿಬಿಡೋಣ ಎಂಬ ಆಸೆ ಬೇಡ. ಆಂಡ್ರಾಯ್ಡ್ 9ರಿಂದೀಚೆ ಎದುರಿಗೆ ತೆರೆದಿರುವ ಆಪ್‌ಗೂ 2 ನಿಮಿಷಕ್ಕೆ 4 ಸ್ಕ್ಯಾನ್ ಮಾತ್ರ ಸಿಗುತ್ತದೆ. ಅದಕ್ಕಿಂತ ಹೆಚ್ಚು ಕೇಳಿದರೆ ಹಳೆಯ ಪಟ್ಟಿಯನ್ನೇ ಮತ್ತೆ ಕೈಗಿಡುತ್ತದೆ, 20 ಅಳತೆಯೂ ಅಚ್ಚು ಹೊಡೆದಂತೆ ಒಂದೇ. ಡೆವಲಪರ್ ಆಯ್ಕೆಗಳಲ್ಲಿ ಈ ಕಡಿವಾಣ ತೆಗೆಯಬಹುದು. ತೆಗೆದರೂ ಫೋನಿನ ಆಂಟೆನಾ ಬೇರೆ, ಡಬ್ಬಿಯದು ಬೇರೆ. ಒಂದೇ ಜಾಗದಲ್ಲಿ ಎರಡರ ನಡುವೆ 5ರಿಂದ 10 ಡಿಬಿ ಅಂತರ ಸಹಜ. ಯಾವ ಡಬ್ಬಿ ಕೋಣೆ ಹೇಳಬೇಕೋ ಅದೇ ಡಬ್ಬಿ, ಮುಚ್ಚಳ ಹಾಕಿದ ಸ್ಥಿತಿಯಲ್ಲೇ, ಸರ್ವೆ ಮಾಡಲಿ.

ಪ್ರತಿ ಅಳತೆಯನ್ನೂ ಬಿಂದು ಸಂಖ್ಯೆ, ದಿಕ್ಕು, ವಿಳಾಸ, ಬಲ ಎಂದು ಒಂದು ಸಾಲಾಗಿ ಫ್ಲ್ಯಾಶಿಗೆ ಬರೆದುಕೊಂಡು ಆಮೇಲೆ ಕಂಪ್ಯೂಟರಿಗೆ ತೆಗೆಯಿರಿ. ಅಲ್ಲಿ ಬಿಂದುವಿಗೂ ರೌಟರಿಗೂ 20 ಅಳತೆಗಳ ಮಧ್ಯಮ ತೆಗೆಯುವುದು. ಎಲ್ಲ ಬಿಂದುಗಳಲ್ಲೂ −88ಕ್ಕಿಂತ ಕೆಳಗೇ ಇರುವ ರೌಟರನ್ನು ಬಿಡಿ. ಒಂದು ತುದಿಯಿಂದ ಇನ್ನೊಂದು ತುದಿಗೆ 15 ಡಿಬಿಯಾದರೂ ಬದಲಾಗುವ, ನಿಂತಲ್ಲೇ 6 ಡಿಬಿಗಿಂತ ಹೆಚ್ಚು ಕುಣಿಯದ ರೌಟರುಗಳೇ ಉಪಯೋಗದವು. 24 ಉಳಿದರೆ ಸಾಕಷ್ಟಾಯಿತು: 60 ಬಿಂದು × 24 ಬೈಟ್, 1440 ಬೈಟ್. ವಿಳಾಸಗಳ ಪಟ್ಟಿಗೆ ಇನ್ನು 144. ಇಡೀ ಕಟ್ಟಡದ ನಕ್ಷೆ 2 ಕಿಲೋಬೈಟಿನೊಳಗೆ.

ಹೋಲಿಕೆ, ಮತ್ತು ಒಂದು ಸೊನ್ನೆಯ ಅವಾಂತರ

ಈಗಿನ ಪಟ್ಟಿಗೂ ಪ್ರತಿ ಬಿಂದುವಿನ ಪಟ್ಟಿಗೂ ವ್ಯತ್ಯಾಸಗಳ ವರ್ಗ ಕೂಡಿಸಿ, ಎಲ್ಲಕ್ಕಿಂತ ಕಡಿಮೆ ಬಂದ ಮೂರು ಬಿಂದುಗಳನ್ನು ಹಿಡಿದು, ಅವುಗಳಲ್ಲಿ ಹೆಚ್ಚು ಮತ ಬಿದ್ದ ಕೋಣೆ. ಇಷ್ಟೇ ಗಣಿತ. ಕೇಳಿಸದ ರೌಟರಿಗೆ ಯಾವ ಸಂಖ್ಯೆ ತುಂಬಬೇಕೆನ್ನುವುದರಲ್ಲಿ ಮಾತ್ರ ಎಡವುತ್ತಾರೆ.

ಸೊನ್ನೆ ತುಂಬಿದರೆ ಕೆಟ್ಟಿತು. ಡಿಬಿಎಂ ಲೆಕ್ಕದಲ್ಲಿ 0 ಎಂದರೆ ಯಾವ ರೌಟರೂ ಕೊಡದಷ್ಟು ಜೋರು. ಕೇಳಿಸದೇ ಇರುವ ಪೆಟ್ಟಿಗೆ ಕಿವಿಯೊಳಗೇ ಕೂಗಿದ ಹಾಗೆ ಲೆಕ್ಕವಾಗುತ್ತದೆ. ಅನೇಕರು −100 ತುಂಬುತ್ತಾರೆ. ಅದೂ ಪೂರಾ ಸರಿಯಲ್ಲ. ಮೂರು ರೌಟರುಗಳಲ್ಲೇ ನೋಡೋಣ.

ಗ್ರಂಥಾಲಯದ ದಾಖಲೆ: −50, −74, −88. ಪಕ್ಕದ ಲ್ಯಾಬಿನ ದಾಖಲೆ: −61, −66, ಮೂರನೆಯದು ಕೇಳಿಸದು. ಗ್ರಂಥಾಲಯದಲ್ಲಿ ನಿಂತು ಈಗ ಸ್ಕ್ಯಾನ್ ಮಾಡಿದರೆ −52, −71, −84. ಗ್ರಂಥಾಲಯಕ್ಕೆ ವ್ಯತ್ಯಾಸ 4 + 9 + 16 = 29. ಲ್ಯಾಬಿಗೆ, −100 ತುಂಬಿ, 81 + 25 + 256 = 362. ಉತ್ತರ ಸ್ಪಷ್ಟ. ಮುಂದಿನ ಸ್ಕ್ಯಾನಿನಲ್ಲಿ ಆ ಬಡಕಲು ಮೂರನೇ ರೌಟರ್ ತಪ್ಪಿಹೋಯಿತು ಎನ್ನಿ. ಇದು ದಿನಕ್ಕೆ ಹತ್ತಾರು ಸಲ ಆಗುವಂಥದ್ದು. ಗ್ರಂಥಾಲಯ: 4 + 9 + 144 = 157. ಲ್ಯಾಬು: 81 + 25 + 0 = 106. ಕದಲದೆ ನಿಂತವರು ಒಂದು ಬೀಕನ್ ತಪ್ಪಿದ್ದಕ್ಕೆ ಗೋಡೆ ದಾಟಿ ಲ್ಯಾಬಿಗೆ ಹೋದರು!

ತುಂಬುವ ಸಂಖ್ಯೆಯನ್ನು −92 ಮಾಡಿ ಅದೇ ಲೆಕ್ಕ ಮತ್ತೆ ಮಾಡಿದರೆ ಗ್ರಂಥಾಲಯ 4 + 9 + 16 = 29, ಲ್ಯಾಬು 106. ಸರಿಯಾಯಿತು. ಚಿಪ್ಪಿನ ಕಿವಿ ಹೇಗೂ −90ರ ಕೆಳಗೆ ಬಿಟ್ಟುಬಿಟ್ಟು ಕೇಳುತ್ತದೆ, ಹಾಗಾಗಿ ಕೇಳಿಸದ್ದಕ್ಕೂ ಕಷ್ಟದಲ್ಲಿ ಕೇಳಿಸಿದ್ದಕ್ಕೂ ಅಷ್ಟು ದೊಡ್ಡ ಕಂದಕ ಇರಬಾರದು. ಇದರ ಜೊತೆಗೆ ಮೂರು ಸ್ಕ್ಯಾನ್‌ಗಳ ಮಧ್ಯಮ ಹಿಡಿದರೆ ಹಾರಾಟ ಇನ್ನೂ ತಗ್ಗುತ್ತದೆ. ಮೂರಕ್ಕೆ ಹನ್ನೆರಡು ಸೆಕೆಂಡ್ ತಗಲುವುದರಿಂದ ನಡೆಯುತ್ತಿರುವವರಿಗೆ ಉತ್ತರ ಸ್ವಲ್ಪ ಹಿಂದೆ ಬೀಳುತ್ತದೆ. ಅವಸರವಿದ್ದರೆ 1, 6, 11ನೇ ಚಾನೆಲ್‌ಗಳನ್ನಷ್ಟೇ ನೋಡಿ. ಬಹುಪಾಲು ರೌಟರುಗಳು ಕೂತಿರುವುದು ಅವುಗಳಲ್ಲೇ.

ಕೋಣೆ ಬದಲಾಯಿತೆಂದು ಪರದೆಯಲ್ಲಿ ತೋರಿಸುವ ಮೊದಲು ಸತತ ಎರಡು ಉತ್ತರ ಒಂದೇ ಇರಬೇಕೆಂಬ ನಿಯಮ ಹಾಕಿ. ಯಾವ ಕೋಣೆಗೆ ಯಾವುದು ನೆರೆ ಎಂಬ ಸಣ್ಣ ಪಟ್ಟಿಯೂ ಇದ್ದರೆ, ನಾಲ್ಕು ಸೆಕೆಂಡಿನಲ್ಲಿ ಕಟ್ಟಡದ ಆ ತುದಿಗೆ ಜಿಗಿಯುವ ಉತ್ತರಗಳನ್ನು ಅಲ್ಲೇ ತಡೆಯಬಹುದು.

ಮಹಡಿ

ಒಂದೇ ಮಹಡಿಯಲ್ಲಿ ಇಷ್ಟು ಸಾಕು. ಮೇಲೆ ಕೆಳಗೆ ಒಂದೇ ನೇರದಲ್ಲಿರುವ ಕೋಣೆಗಳಲ್ಲಿ, ಅದರಲ್ಲೂ ನಡುವೆ ತೆರೆದ ಅಂಗಳ ಅಥವಾ ಮೆಟ್ಟಿಲುಗಳ ನಡುವಿನ ಖಾಲಿ ಜಾಗ ಇರುವಲ್ಲಿ, ಬರೀ ವೈಫೈ ಗೊಂದಲ ಮಾಡುತ್ತದೆ. ಅಲ್ಲಿ ಗಾಳಿಯ ಒತ್ತಡ ಕೈಹಿಡಿಯುತ್ತದೆ.

ಸಮುದ್ರಮಟ್ಟದಲ್ಲಿ ಒಂದು ಮೀಟರ್ ಏರಿದರೆ ಒತ್ತಡ ಸುಮಾರು 12 ಪಾಸ್ಕಲ್ ಇಳಿಯುತ್ತದೆ. ಬೆಂಗಳೂರು 900 ಮೀಟರಿಗಿಂತ ಮೇಲಿದೆ, ಗಾಳಿ ತೆಳು, ಒತ್ತಡವೇ 910 ಹೆಕ್ಟೊಪಾಸ್ಕಲ್ ಆಸುಪಾಸು. ಇಲ್ಲಿ ಮೀಟರಿಗೆ 10.4 ಪಾಸ್ಕಲ್ ಹಿಡಿಯಬೇಕು. ಮಂಗಳೂರಿನಲ್ಲಿ ಕಟ್ಟುವವರು ಈ ಸಂಖ್ಯೆ ನಕಲು ಮಾಡಬಾರದು. 3 ಮೀಟರಿನ ಮಹಡಿಗೆ ಇಲ್ಲಿ 31 ಪಾಸ್ಕಲ್. ಬಿಎಂಪಿ280ರ ಸಾಪೇಕ್ಷ ನಿಖರತೆ 12 ಪಾಸ್ಕಲ್, ಅಂದರೆ ಒಂದು ಮೀಟರ್ ಹತ್ತಿರ. ಮಹಡಿ ಹೇಳಲು ಧಾರಾಳ.

ಆದರೆ ಒಂದೇ ಸೆನ್ಸರಿನಿಂದ ಆಗುವ ಕೆಲಸವಲ್ಲ ಇದು. ನಮ್ಮ ಉಷ್ಣವಲಯದಲ್ಲಿ ಒತ್ತಡಕ್ಕೆ ದಿನಾ ಎರಡು ಉಬ್ಬರ, ಎರಡು ಇಳಿತ: ಬೆಳಗ್ಗೆ ಮತ್ತು ರಾತ್ರಿ 10ರ ಸುಮಾರಿಗೆ ಏರು, ಸಂಜೆ ಮತ್ತು ಬೆಳಗಿನ ಜಾವ 4ರ ಸುಮಾರಿಗೆ ಇಳಿ. ಬೆಳಗ್ಗೆಯಿಂದ ಸಂಜೆಗೆ 3 ಹೆಕ್ಟೊಪಾಸ್ಕಲ್ ಆಸುಪಾಸು, ಅಂದರೆ 300 ಪಾಸ್ಕಲ್, ಇಳಿದುಬಿಡುತ್ತದೆ. ಮೇಜಿನ ಮೇಲಿಟ್ಟ ಡಬ್ಬಿ ಊಟ ಮುಗಿಸಿ ಬರುವಷ್ಟರಲ್ಲಿ ತಾನು ಒಂದೆರಡು ಮಹಡಿ ಏರಿದೆ ಎಂದುಕೊಂಡಿರುತ್ತದೆ. ಅದಕ್ಕೇ ನೆಲ ಅಂತಸ್ತಿನಲ್ಲಿ ಎರಡನೇ ಇಎಸ್‌ಪಿ32, ಎರಡನೇ ಬಿಎಂಪಿ280.

ಆ ನೆಲದ ಅಂಕೆ ಡಬ್ಬಿಗೆ ತಲುಪಿಸುವುದು ಹೇಗೆ? ಇಎಸ್‌ಪಿ-ನೌ (ರೌಟರಿಲ್ಲದೆ ಬೋರ್ಡುಗಳು ನೇರ ಮಾತಾಡುವ ವಿಧಾನ) ಬಳಸಬಹುದು, ಆದರೆ ಎರಡೂ ಒಂದೇ ಚಾನೆಲ್ಲಿನಲ್ಲಿರಬೇಕು. ಸ್ಕ್ಯಾನ್ ನಡೆಯುವಾಗ ಚಾನೆಲ್ ಓಡುತ್ತಿರುತ್ತದೆ, ಪೊಟ್ಟಣಗಳು ಕಳೆದುಹೋಗುತ್ತವೆ. ಇದಕ್ಕಿಂತ ಸಸಾರದ ಉಪಾಯವಿದೆ. ನೆಲದ ಬೋರ್ಡನ್ನು ಆಕ್ಸೆಸ್ ಪಾಯಿಂಟ್ (ರೌಟರಿನಂತೆ ತಾನೇ ವೈಫೈ ಹೊರಡಿಸುವ ಪೆಟ್ಟಿಗೆ) ಮಾಡಿ, ಒತ್ತಡವನ್ನು ಅದರ ವೈಫೈ ಹೆಸರಿನೊಳಗೇ ಬರೆಯಿರಿ: ಒಂದು ಗುರುತಿನ ಅಕ್ಷರ, ಆಮೇಲೆ 91034 ಎಂದು ಪಾಸ್ಕಲ್ ಅಂಕೆ. ನಿಮಿಷಕ್ಕೊಮ್ಮೆ ಹೆಸರು ಬದಲಿಸಿದರೆ ಸಾಕು. ಡಬ್ಬಿ ಹೇಗೂ ಸ್ಕ್ಯಾನ್ ಮಾಡುತ್ತದೆ, ಹೆಸರಿನ ಜೊತೆಗೇ ಒತ್ತಡ ಬಂದು ಬೀಳುತ್ತದೆ, ಜೋಡಣೆ ಗೀಡಣೆ ಏನೂ ಬೇಡ. ಹೆಸರು ಬದಲಾದರೂ ಮ್ಯಾಕ್ ವಿಳಾಸ ಬದಲಾಗದ ಕಾರಣ ಬೆರಳಚ್ಚಿಗೆ ಒಂದು ಗಟ್ಟಿ ರೌಟರೂ ದಕ್ಕಿತು. ಹೆಸರಿಗೆ 32 ಬೈಟಿನ ಮಿತಿ ಇದೆ, ಕನ್ನಡದ ಒಂದೊಂದು ಅಕ್ಷರಚಿಹ್ನೆಗೆ 3 ಬೈಟ್ ಹೋಗುತ್ತದೆ ಎಂಬುದು ನೆನಪಿರಲಿ. ಯಾರೂ ಸೇರಿಕೊಳ್ಳದಂತೆ 8 ಅಕ್ಷರಕ್ಕೆ ಕಡಿಮೆಯಿಲ್ಲದ ಪಾಸ್‌ವರ್ಡ್ ಹಾಕಿ.

ನೆಲದಲ್ಲಿ 91034, ಡಬ್ಬಿಯಲ್ಲಿ 90968: ಅಂತರ 66, 10.4ರಿಂದ ಭಾಗಿಸಿದರೆ 6.3 ಮೀಟರ್, ಎರಡನೇ ಮಹಡಿ. ಈ ಲೆಕ್ಕ ನಂಬುವ ಮೊದಲು ಎರಡೂ ಸೆನ್ಸರನ್ನು ಒಂದೇ ಮೇಜಿನ ಮೇಲೆ ಅರ್ಧ ಗಂಟೆ ಇಟ್ಟು ಅವುಗಳ ನಡುವಿನ ಸ್ಥಿರ ವ್ಯತ್ಯಾಸ ಬರೆದುಕೊಂಡು ಕಳೆಯಲೇಬೇಕು. ಪ್ರತಿ ಸೆನ್ಸರಿಗೂ 100 ಪಾಸ್ಕಲ್‌ವರೆಗೆ ತಪ್ಪಿರಲು ತಯಾರಕರೇ ಅವಕಾಶ ಇಟ್ಟುಕೊಂಡಿದ್ದಾರೆ. ಮೂರು ಮಹಡಿಯ ತಪ್ಪು ಅದು. ಬಿಸಿಯೂ ಶತ್ರು: ಒಂದು ಡಿಗ್ರಿಗೆ 1.5 ಪಾಸ್ಕಲ್. ಮುಚ್ಚಿದ ಡಬ್ಬಿಯಲ್ಲಿ ಇಎಸ್‌ಪಿ32 ಪಕ್ಕದಲ್ಲೇ ಕೂತ ಸೆನ್ಸರ್ 10 ಡಿಗ್ರಿ ಕಾದರೆ ಅರ್ಧ ಮಹಡಿ ಹೋಯಿತು. 5 ಸೆಂಟಿಮೀಟರ್ ವೈರಿನಲ್ಲಿ ದೂರ ಇಟ್ಟು, ಅದರ ಎದುರಿಗೆ ಡಬ್ಬಿಗೆ ಎರಡು ಮಿಲಿಮೀಟರಿನ ತೂತು ಕೊರೆಯಿರಿ. ಸ್ಕ್ಯಾನಿಗೆ ಮೊದಲೇ ಒತ್ತಡ ಓದಿಬಿಡಿ, ಚಿಪ್ಪು ಇನ್ನೂ ತಣ್ಣಗಿರುತ್ತದೆ. ಬಾಗಿಲು ಧಡಾರೆಂದು ಬಡಿದ ಕ್ಷಣದ ಓದು ಹಾರುತ್ತದೆ. ಹತ್ತು ಓದಿನ ಮಧ್ಯಮ ಹಿಡಿದರೆ ಅದು ತಾನಾಗಿ ಬಿದ್ದುಹೋಗುತ್ತದೆ.

ಪರೀಕ್ಷೆ ಮತ್ತು ಆಮೇಲಿನ ದುರಸ್ತಿ

ಸರ್ವೆ ಮಾಡಿದ ದಿನವೇ, ಅದೇ ಸೀಮೆಸುಣ್ಣದ ಗುರುತಿನ ಮೇಲೇ ನಿಂತು ಪರೀಕ್ಷಿಸಿದರೆ ಎಲ್ಲ ಸರಿಯೇ ಬರುತ್ತದೆ. ಅದು ಪರೀಕ್ಷೆಯಲ್ಲ. ವಾರ ಬಿಟ್ಟು, ಗುರುತುಗಳ ನಡುವಿನ ಜಾಗಗಳಲ್ಲಿ, ಬೇರೆಯವರ ಕೈಯಲ್ಲಿ ಡಬ್ಬಿ ಕೊಟ್ಟು ನೋಡಿ. ತಪ್ಪಿದ ಉತ್ತರಗಳನ್ನು ಯಾವ ಕೋಣೆ ಯಾವುದಾಗಿ ಕಂಡಿತು ಎಂದು ಚೌಕ ಹಾಕಿ ಬರೆದರೆ ರೋಗ ತಾನೇ ಕಾಣುತ್ತದೆ. ಎರಡು ಕೋಣೆಗಳಷ್ಟೇ ಪರಸ್ಪರ ಅದಲುಬದಲಾಗುತ್ತಿದ್ದರೆ ಅವುಗಳ ನಡುವೆ ತೆಳು ಗೋಡೆಯಿದೆ. ಒಂದರೊಳಗೆ ಹಳೆಯ ರೌಟರೊಂದನ್ನು ಇಂಟರ್ನೆಟ್ ಇಲ್ಲದೆಯೇ ಚಾಲೂ ಮಾಡಿಟ್ಟರೆ ಬಗೆಹರಿಯುತ್ತದೆ, ಬೀಕನ್ ಕೂಗಲು ಕೇಬಲ್ ಬೇಕಿಲ್ಲ. ಒಂದೇ ದಿನದಲ್ಲಿ ಇಡೀ ಮಹಡಿ ಕೆಟ್ಟರೆ ಯಾರೋ ರೌಟರ್ ಬದಲಿಸಿದ್ದಾರೆ ಅಥವಾ ಸರಿಸಿದ್ದಾರೆ. ಹೊತ್ತುಹೊತ್ತಿಗೆ ಕೆಟ್ಟು ತಾನೇ ಸರಿಯಾದರೆ, ಪ್ರಸಾರದ ಬಲವನ್ನು ತಾನೇ ಏರಿಳಿಸುವ ಕಂಟ್ರೋಲರ್ ಕಟ್ಟಡದಲ್ಲಿದೆ. ಆಡಳಿತದವರು ಆ ಬಲವನ್ನು ಒಂದೇ ಮಟ್ಟಕ್ಕೆ ಕಟ್ಟಿಹಾಕಲು ಒಪ್ಪದಿದ್ದರೆ, ಎಲ್ಲಕ್ಕಿಂತ ಜೋರಾದ ರೌಟರಿನಿಂದ ಉಳಿದವು ಎಷ್ಟು ಕಡಿಮೆ ಎಂಬ ಅಂತರಗಳನ್ನು ಹೋಲಿಸಬೇಕಾಗುತ್ತದೆ.

ಇಷ್ಟೆಲ್ಲ ಸರ್ವೆಯ ತಲೆನೋವೇ ಬೇಡವೆನ್ನುವವರಿಗೆ ಎಫ್‌ಟಿಎಂ ಎಂಬ ವಿಧಾನವಿದೆ, ಸಿಗ್ನಲ್ ಹೋಗಿಬರುವ ಸಮಯವನ್ನೇ ಅಳೆಯುವುದು. ಬೆಳಕು ಒಂದು ನ್ಯಾನೋಸೆಕೆಂಡಿಗೆ 30 ಸೆಂಟಿಮೀಟರ್ ಹೋಗುತ್ತದೆ, ಹಾಗಾಗಿ ಒಂದೆರಡು ಮೀಟರಿನ ನಿಖರತೆ ಸಾಧ್ಯ. ಹಳೆಯ ಇಎಸ್‌ಪಿ32ಕ್ಕೆ ಇದು ಬರುವುದಿಲ್ಲ. ಅದರ ಹೊಸ ತಳಿಗಳಾದ ಎಸ್2, ಎಸ್3, ಸಿ3ಗೆ ಬರುತ್ತದೆ. ಎದುರಿನ ರೌಟರಿಗೂ ಬರಬೇಕು, ಅಲ್ಲೇ ಪಂಚಾಯ್ತಿ. ಕೋಣೆಗೊಂದು ಸಿ3 ಬೋರ್ಡು ಕೂರಿಸುವ ಮನಸ್ಸಿದ್ದರೆ ಆ ದಾರಿ ಹಿಡಿಯಬಹುದು.

ಕಟ್ಟಡದ ಹೊರಗೆ

ಬೀದಿಯಲ್ಲಿ ಫೋನು ಮಾಡುವುದೂ ಇದೇ ಸ್ಕ್ಯಾನ್. ಹೋಲಿಕೆ ಮಾತ್ರ ದೂರದ ಸರ್ವರಿನಲ್ಲಿ. 2007ರ ಮೊದಲ ಐಫೋನಿನಲ್ಲಿ ಜಿಪಿಎಸ್ ಇರಲೇ ಇಲ್ಲ. 2008ರ ಜನವರಿಯಲ್ಲಿ ಅದು ಜಾಗ ತೋರಿಸತೊಡಗಿದ್ದು ಸ್ಕೈಹುಕ್ ಕಂಪನಿಯ ವೈಫೈ ಪಟ್ಟಿ ಮತ್ತು ಗೂಗಲ್‌ನ ಮೊಬೈಲ್ ಗೋಪುರಗಳ ಪಟ್ಟಿ ಹಿಡಿದು. ನಮ್ಮ ಡಬ್ಬಿಯ ಪಟ್ಟಿಯನ್ನೂ ಹಾಗೆ ಕಳಿಸಬಹುದು. ಗೂಗಲ್‌ನ ಜಿಯೋಲೊಕೇಶನ್ ಸೇವೆಗೆ ಕನಿಷ್ಠ ಎರಡು ರೌಟರುಗಳ ವಿಳಾಸ ಮತ್ತು ಬಲ ಕೊಟ್ಟರೆ ಅಕ್ಷಾಂಶ, ರೇಖಾಂಶ, ಮತ್ತು ಮೀಟರಿನಲ್ಲಿ ಅನುಮಾನದ ವೃತ್ತ ವಾಪಸ್ ಬರುತ್ತದೆ. ಐಪಿ ವಿಳಾಸ ಪರಿಗಣಿಸಬೇಡ ಎಂಬ ಆಯ್ಕೆಯನ್ನು ಕಡ್ಡಾಯವಾಗಿ ಸೇರಿಸಿ. ಇಲ್ಲದಿದ್ದರೆ ರೌಟರು ಗುರುತು ಸಿಗದಾಗ ಸೇವೆ ಸುಮ್ಮನಿರದೆ ಇಂಟರ್ನೆಟ್ ಕಂಪನಿಯ ಊರನ್ನು ನಿಮ್ಮ ಊರೆಂದು ಹೇಳುತ್ತದೆ, ಶಿರಸಿಯಲ್ಲಿ ಕೂತವರು ಬೆಂಗಳೂರಿನಲ್ಲಿ ಕಾಣುತ್ತಾರೆ. ಮೊಜಿಲ್ಲಾದ ಉಚಿತ ಸೇವೆ 2024ರಲ್ಲಿ ಮುಚ್ಚಿತು. ಅದನ್ನೇ ನಂಬಿದ ಹಳೆಯ ಕೋಡು ಎಲ್ಲಿಯಾದರೂ ಸಿಕ್ಕರೆ ಓಡುವುದಿಲ್ಲ.

ವೈಫೈಯೇ ಇಲ್ಲದ ಹಳ್ಳಿಯ ದಾರಿಯಲ್ಲಿ ಮೊಬೈಲ್ ಗೋಪುರ ಒಂದೇ ಗತಿ. ಎ7670 ಥರದ 4ಜಿ ಮಾಡ್ಯೂಲಿಗೆ ಸಿಪಿಎಸ್‌ಐ ಎಂಬ ಎಟಿ ಆದೇಶ ಕೊಟ್ಟರೆ ಸೆಲ್ ಸಂಖ್ಯೆ ಹೇಳುತ್ತದೆ. ಅದನ್ನು 256ರಿಂದ ಭಾಗಿಸಿದರೆ ಬರುವ ಪೂರ್ಣಾಂಕ ಗೋಪುರದ ಸಂಖ್ಯೆ, ಶೇಷ ಅದರ ಯಾವ ಮುಖ ಎಂಬುದು. ಗೋಪುರ ಕೊಡುವ ಟೈಮಿಂಗ್ ಅಡ್ವಾನ್ಸ್ (ದೂರಕ್ಕೆ ತಕ್ಕಂತೆ ಎಷ್ಟು ಮುಂಚೆ ಸಿಗ್ನಲ್ ಕಳಿಸಬೇಕೆಂಬ) ಅಂಕೆ ಸಿಕ್ಕರೆ ದೂರದ ಅಂದಾಜೂ ಸಿಗುತ್ತದೆ: 4ಜಿಯಲ್ಲಿ ಒಂದು ಹೆಜ್ಜೆಗೆ 78 ಮೀಟರ್, ಹಳೆಯ 2ಜಿಯಲ್ಲಿ 550 ಮೀಟರ್. ಕೋಣೆ ಬಿಡಿ, ಇಲ್ಲಿ ಊರು ಸರಿ ಬಂದರೆ ಸಾಕು.

ನೆಲ ಅಂತಸ್ತಿನ ಒತ್ತಡದ ಬೋರ್ಡಿಗೆ ಒಂದು ತಿದ್ದುಪಡಿ ಇಲ್ಲಿಂದ ಹುಟ್ಟುತ್ತದೆ. ಅದೂ ಆಕ್ಸೆಸ್ ಪಾಯಿಂಟ್ ಆದ್ದರಿಂದ ಪಕ್ಕದಲ್ಲಿ ಹಾದುಹೋಗುವ ಫೋನುಗಳು ಅದನ್ನೂ ಬರೆದುಕೊಳ್ಳುತ್ತವೆ. ನಾಳೆ ಅದೇ ಬೋರ್ಡನ್ನು ಇನ್ನೊಂದು ಊರಿಗೆ ಒಯ್ದರೆ, ಸುತ್ತ ಬೇರೆ ರೌಟರುಗಳಿಲ್ಲದ ಕಡೆ ಫೋನಿನ ಚುಕ್ಕೆ ಕೆಲಕಾಲ ಹಳೆಯ ಕಟ್ಟಡದಲ್ಲೇ ಬೀಳಬಹುದು. ಹೆಸರಿನ ಕೊನೆಗೆ ಒಂದು ಅಡಿಗೆರೆ ಮತ್ತು ‘ನೋಮ್ಯಾಪ್’ (nomap) ಎಂಬ ಐದು ಇಂಗ್ಲಿಷ್ ಅಕ್ಷರ ಸೇರಿಸಿದರೆ ಗೂಗಲ್ ಅದನ್ನು ತನ್ನ ಪಟ್ಟಿಗೆ ಸೇರಿಸುವುದಿಲ್ಲ. 2011ರಿಂದ ನಡೆದುಬಂದ ರೂಢಿ ಇದು. ಒಟ್ಟು 6 ಬೈಟ್. ಒತ್ತಡದ ಅಂಕೆಗೆ ಇನ್ನೂ ಬೇಕಾದಷ್ಟು ಜಾಗ ಉಳಿಯುತ್ತದೆ.